ಸಾವಿರ ರೂಪಾಯಿ ಕೊಟ್ಟು ಆಯ್ಕೆಯಾದ ಕಥೆ

ಆ ಪೋಸ್ಟರ್ ನಿಮ್ಮ ಮೊಬೈಲ್‌ಗೂ ಬಂದಿರುತ್ತದೆ. ಯುವ ಬರಹಗಾರರಿಗೆ ಅವಕಾಶ, ರಾಜ್ಯಮಟ್ಟದ ಕಥಾ ಸ್ಪರ್ಧೆ, ಆಯ್ಕೆಯಾದ ಕಥೆಗಳೆಲ್ಲ ಸೇರಿ ಒಂದು ಸಂಕಲನ, ಜೊತೆಗೆ ಪ್ರಮಾಣಪತ್ರ. ಕೆಳಗೆ ಒಂದು ವಾಟ್ಸ್ಯಾಪ್ ನಂಬರ್. ಇಂಥ ಒಂದು ಸೇವೆಯನ್ನು ನಮ್ಮ ಮನೆಯಲ್ಲೇ ಬಳಸಿ ನೋಡಿದ್ದಾಯಿತು, ಅದಕ್ಕೇ ಈ ವಿಮರ್ಶೆ. ಹೆಸರು ಹಾಕುವುದಿಲ್ಲ. ಈ ತರಹದವು ಬಹಳ ಇವೆ, ಒಂದರ ಹೆಸರು ಹೇಳಿದರೆ ಉಳಿದವು ಸರಿ ಇವೆ ಅಂದುಕೊಂಡುಬಿಡುತ್ತೀರಿ.

ನಮ್ಮ ಅಣ್ಣನ ಮಗಳು ವಿಜಯಪುರದಲ್ಲೇ ಸೆಕೆಂಡ್ ಪಿಯು ಓದುತ್ತಾಳೆ, ಈಗ 17. ಎಂಟನೇ ಕ್ಲಾಸಿನಿಂದಲೂ ಏನಾದರೂ ಬರೆಯುತ್ತಲೇ ಇದ್ದಾಳೆ, ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ. ಅವಳ ಆಯಿ, ಅಂದರೆ ಅಜ್ಜಿ ಬಗ್ಗೆ ಒಂದು ಕಥೆ ಬರೆದಿದ್ದಳು. ಚಳಿಗಾಲದಲ್ಲಿ ಎಲ್ಲರೂ ಸೀತನಿ, ಅಂದರೆ ಜೋಳದ ಎಳೆ ತೆನೆ, ತಿನ್ನೋಕೆ ಹೊಲಕ್ಕೆ ಹೋಗುತ್ತಾರಲ್ಲ, ಆಯಿಗೆ ಅದೇ ಕೊನೆಯ ಸಲ ಅಂತ ಯಾರಿಗೂ ಗೊತ್ತಿರುವುದಿಲ್ಲ, ಅಷ್ಟೇ ಕಥೆ. ನಾನು ಓದಿ ಅರ್ಧ ದಿನ ಸುಮ್ನೆ ಕೂತಿದ್ದೆ.

ರಾತ್ರಿ ಒಂಬತ್ತೂಕಾಲಿಗೆ 99 ರೂಪಾಯಿ ನೋಂದಣಿ ಶುಲ್ಕ ಕಟ್ಟಿ ಕಥೆ ಕಳಿಸಿದಳು. ಬೆಳಿಗ್ಗೆ ನಾನು ಚಹಾ ಕುಡಿಯುವಾಗ ಓಡಿ ಬಂದಳು. "ಕಾಕಾ, ನನ್ನ ಕಥಿ ಆಯ್ಕೆ ಆಗ್ಯಾದ!" ಏಳು ಗಂಟೆಗೇ ಮೆಸೇಜ್ ಬಂದಿತ್ತು. ಮನೆಯಲ್ಲಿ ಎಲ್ಲರಿಗೂ ಖುಷಿ, ಅಣ್ಣ ಪೇಡೆ ತಂದ. ಇಡೀ ರಾಜ್ಯದಿಂದ ಬಂದ ಕಥೆಗಳನ್ನು ಒಂದೇ ರಾತ್ರಿಯಲ್ಲಿ ಯಾರು ಓದಿದರು ಅಂತ ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಮಗು ಅಷ್ಟು ಸಂತೋಷದಲ್ಲಿದ್ದಾಗ ಯಾರಿಗೆ ಹೊಳೆಯುತ್ತದೆ ಹೇಳಿ.

ಮಧ್ಯಾಹ್ನ ಎರಡನೇ ಮೆಸೇಜ್. ಸಂಕಲನದಲ್ಲಿ "ಸಹಲೇಖಕಿ" ಆಗಲು 1,000 ರೂಪಾಯಿ ಕೊಡಬೇಕು, ಎರಡು ಪ್ರತಿ ಮನೆಗೆ ಬರುತ್ತವೆ, ಮೂರು ದಿನದೊಳಗೆ ಕಟ್ಟದಿದ್ದರೆ ಜಾಗ ಬೇರೆಯವರಿಗೆ. ಅಣ್ಣ ಕಟ್ಟಿದ. ಹತ್ತು ನಿಮಿಷದಲ್ಲಿ ಪ್ರಮಾಣಪತ್ರದ ಪಿಡಿಎಫ್ ಬಂತು.

ಒಳ್ಳೆಯದನ್ನೂ ಹೇಳಬೇಕು. ಹೇಳಿದ ತಿಂಗಳಿಗೇ ಪುಸ್ತಕ ಬಂತು. ಫೋನ್ ಮಾಡಿದರೆ ಮರ್ಯಾದೆಯಿಂದ ಮಾತಾಡಿದರು. ಮುಖಪುಟ ಹೊಳಪಾಗಿದೆ, ನೋಡಲು ಚೆಂದ ಇದೆ. ಹಣ ತಗೊಂಡು ಓಡಿಹೋದವರಲ್ಲ.

ಆದರೆ ಪುಸ್ತಕ ತೆಗೆದರೆ ಬೇಸರವಾಗುತ್ತದೆ. ಒಟ್ಟು 62 ಜನ, ಪುಟ ತುಂಬಿಸಿದ್ದಾರೆ. ಅವಳ ಕಥೆಯ ಮೊದಲ ಸಾಲಿನಲ್ಲೇ "ಸೂರ್ಯ" ಹೋಗಿ "ಸೂಯರ್" ಆಗಿದೆ. "ವರ್ಷ" ಎಲ್ಲ ಕಡೆ "ವಷರ್". "ಅರ್ಧ" ಅನ್ನೋದು "ಅಧರ್". ಡಿಟಿಪಿ ಗೊತ್ತಿರುವವರಿಗೆ ಇದು ಹೇಗಾಗುತ್ತದೆ ಅಂತ ಗೊತ್ತು. ಇವಳು ಮೊಬೈಲ್‌ನಲ್ಲಿ ಯೂನಿಕೋಡ್‌ನಲ್ಲಿ ಬರೆದು ಕಳಿಸಿದ್ದಾಳೆ, ಅವರು ಪುಟ ಕಟ್ಟಲು ಹಳೆಯ ಫಾಂಟ್‌ಗೆ ಬದಲಿಸಿದ್ದಾರೆ, ಬದಲಿಸುವಾಗ ಅರ್ಕಾವತ್ತು ಜಾರಿದೆ. ಯಂತ್ರದ ತಪ್ಪು, ಆಗುತ್ತದೆ. ಒಂದು ಸಲ ಯಾರಾದರೂ ಕಣ್ಣಾಡಿಸಿದ್ದರೂ ಸಾಕಿತ್ತು, ಮೊದಲ ಸಾಲಿನಲ್ಲೇ ಸಿಗುತ್ತಿತ್ತು.

ಅದಕ್ಕಿಂತ ದೊಡ್ಡದು, ಕಥೆಯ ಕೊನೆಯ ಹನ್ನೊಂದು ಸಾಲುಗಳೇ ಇಲ್ಲ. ಆಯಿ ಸುಟ್ಟ ತೆನೆಯನ್ನು ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಬಿಸಿ ಕಾಳನ್ನು ಮೊಮ್ಮಗಳ ಕೈಗೆ ಹಾಕುವ ಜಾಗ ಅದು. ಇಡೀ ಕಥೆ ನಿಂತಿರುವುದೇ ಆ ಹನ್ನೊಂದು ಸಾಲಿನ ಮೇಲೆ. ಪುಟ ಮುಗಿಯಿತು ಅಂತ ಅಲ್ಲಿಗೇ ಕತ್ತರಿಸಿದ್ದಾರೆ, ವಾಕ್ಯದ ನಡುವೆ, "ಆಯಿ ತನ್ನ ಕೈಯಲ್ಲಿ" ಅಂತ ನಿಂತಿದೆ. ಮುಂದಿನ ಪುಟದಲ್ಲಿ ಇನ್ಯಾರದೋ ಕಥೆ. ಅವಳು ಆ ಪುಟ ಮುಂದೆ ತಿರುಗಿಸಿದಳು, ಹಿಂದೆ ತಿರುಗಿಸಿದಳು, ಆಮೇಲೆ ಪುಸ್ತಕ ಮುಚ್ಚಿ ಅಡುಗೆಮನೆಗೆ ಹೋದಳು. ಅವತ್ತು ಅವಳಿಗೆ ಅರ್ಥವಾಗಿದ್ದು ಒಂದೇ, ತನ್ನ ಕಥೆಯನ್ನು ಆ ಕಡೆ ಯಾರೂ ಓದೇ ಇಲ್ಲ ಅಂತ.

ದುಡ್ಡಿನ ಲೆಕ್ಕ ಆಮೇಲೆ ಹಾಕಿದೆ. 62 ಜನರಿಂದ ಸಾವಿರ ಸಾವಿರ, ಅಂದರೆ 62,000. ಎರಡೆರಡು ಪ್ರತಿ ಕೊಟ್ಟರೆ 124 ಪುಸ್ತಕ. ಅಂಥ ಪುಸ್ತಕ ಅಷ್ಟು ಪ್ರತಿ ಹಾಕಿಸಲು ನಮ್ಮೂರ ಮುದ್ರಕರೊಬ್ಬರು ಪ್ರತಿಗೆ 140 ರೂಪಾಯಿ ಹೇಳಿದರು, 17,000 ಚಿಲ್ಲರೆ ಆಯಿತು. ಪುಸ್ತಕದಂಗಡಿಯಲ್ಲಿ ಆ ಪುಸ್ತಕ ನಾನಂತೂ ನೋಡಿಲ್ಲ. ಬರೆದವರೇ ಕೊಂಡವರು. ಅಂದಮೇಲೆ ಕಥೆ ಚೆನ್ನಾಗಿದ್ದರೂ ಇಲ್ಲದಿದ್ದರೂ ಅವರಿಗೆ ಏನು ವ್ಯತ್ಯಾಸ ಅಲ್ವಾ? ಐಎಸ್‌ಬಿಎನ್ ಇದೆ ಅಂತ ದೊಡ್ಡದಾಗಿ ಹಾಕಿದ್ದರು. ನಮ್ಮ ದೇಶದಲ್ಲಿ ಅದು ಉಚಿತ, ಕೇಂದ್ರ ಸರ್ಕಾರದ ರಾಜಾ ರಾಮಮೋಹನ ರಾಯ್ ಏಜೆನ್ಸಿ ಕೊಡುತ್ತದೆ. 13 ಅಂಕಿಯ ಗುರುತಿನ ಸಂಖ್ಯೆ ಅಷ್ಟೇ, ಒಳಗಿನ ಬರಹ ಹೇಗಿದೆ ಅಂತ ಅದು ಹೇಳುವುದಿಲ್ಲ.

ಹಣಕ್ಕಿಂತ ಜಾಸ್ತಿ ನನಗೆ ನೋವಾಗಿದ್ದು ಇನ್ನೊಂದು. ಒಳ್ಳೆಯ ಸ್ಪರ್ಧೆಗಳು, ಪತ್ರಿಕೆಗಳು ಎಲ್ಲೂ ಪ್ರಕಟವಾಗದ ಕಥೆ ಕೇಳುತ್ತವೆ. ಈ ಕಥೆ ಈಗ ಅಚ್ಚಾಗಿಬಿಟ್ಟಿದೆ, ತಲೆಕೆಳಗಾಗಿಯೋ ಅರ್ಧಂಬರ್ಧವೋ, ಆಗಿದೆ. ಅವಳ ಅತ್ಯುತ್ತಮ ಕಥೆಯನ್ನು ಇನ್ನು ಪತ್ರಿಕೆಗೆ ಕಳಿಸುವ ಹಾಗಿಲ್ಲ. ದಯವಿಟ್ಟು ಮನೆಯಲ್ಲಿ ಬರೆಯುವ ಮಕ್ಕಳಿದ್ದರೆ ಇದನ್ನು ಹೇಳಿ.

ಅರ್ಜಿಯ ತುದಿಯಲ್ಲಿ ಒಂದು ಚೌಕವೂ ಇತ್ತು, ಟಿಕ್ ಮಾಡಿದರೆ ಕಥೆಯ ಎಲ್ಲ ಹಕ್ಕೂ ಪ್ರಕಾಶಕರದು. ಅವಳು ಓದದೇ ಟಿಕ್ ಮಾಡಿದ್ದಳು. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಬರೆದ ಕ್ಷಣದಿಂದಲೇ ಹಕ್ಕು ಬರೆದವರದು, ಎಲ್ಲೂ ನೋಂದಾಯಿಸಬೇಕಿಲ್ಲ. ಬದುಕಿರುವ ತನಕ, ಆಮೇಲೂ 60 ವರ್ಷ. ಅದನ್ನು ಬೇರೆಯವರಿಗೆ ಕೊಡಬೇಕಾದರೆ ಬರಹದಲ್ಲಿ, ಸಹಿ ಹಾಕಿ ಕೊಡಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ 5 ವರ್ಷ ಅಂತಲೇ ಲೆಕ್ಕ. 18 ತುಂಬದವರು ಮಾಡಿಕೊಂಡ ಒಪ್ಪಂದ ನಮ್ಮ ಕಾನೂನಿನಲ್ಲಿ ನಿಲ್ಲುವುದೂ ಇಲ್ಲ. ಇಷ್ಟನ್ನೂ ಬರೆದು, ಹಕ್ಕು ಕೊಟ್ಟಿಲ್ಲ ಅಂತ ಅವರಿಗೆ ಮೇಲ್ ಹಾಕಿದೆವು. ಉತ್ತರ ಬಂದಿಲ್ಲ.

ಹಾಗಾದರೆ ಎಲ್ಲಿಗೆ ಕಳಿಸಬೇಕು? ದುಡ್ಡು ಕೇಳದೆ ಕಥೆ ಓದುವ ಜಾಗಗಳು ಇವೆ, ಮೊದಲಿನಿಂದಲೂ ಇವೆ. ಮಯೂರ, ತುಷಾರದಂಥ ಮಾಸಿಕಗಳು, ಸುಧಾ, ತರಂಗ, ಭಾನುವಾರದ ಪುರವಣಿಗಳು. ಇಲ್ಲಿ ಕಾಯಬೇಕು, ತಿಂಗಳುಗಟ್ಟಲೆ. ಒಂದೇ ಕಥೆ ಎರಡು ಕಡೆ ಕಳಿಸಬೇಡಿ. ಪ್ರಜಾವಾಣಿಯ ದೀಪಾವಳಿ ಕಥಾ ಸ್ಪರ್ಧೆಗೆ ಪ್ರಕಟಣೆ ಬರುವುದನ್ನು ನಮ್ಮ ಕಡೆಯ ಎಷ್ಟೋ ಮೇಷ್ಟ್ರುಗಳು ಕಾಯುತ್ತಾರೆ. ಒಂದೂ ಕಥಾಸಂಕಲನ ತಾರದವರಿಗೆ ಛಂದ ಪುಸ್ತಕ ಹಸ್ತಪ್ರತಿ ಸ್ಪರ್ಧೆ ನಡೆಸುತ್ತ ಬಂದಿದೆ, ಗೆದ್ದರೆ ಪುಸ್ತಕ ಅವರೇ ತರುತ್ತಾರೆ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ, ಅರ್ಜಿ ಕರೆದಾಗ ಪೇಪರಿನಲ್ಲಿ ಬರುತ್ತದೆ. ಬೆಂಗಳೂರಿನ ಟೋಟೋ ಸಂಸ್ಥೆ 30ರೊಳಗಿನವರಿಗೆ ಕನ್ನಡ ಸೃಜನಶೀಲ ಬರಹಕ್ಕೂ ಪ್ರಶಸ್ತಿ ಇಟ್ಟಿದೆ. ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ 2011ರಿಂದ ಇದೆ, 35ರ ತನಕ, 50,000 ರೂಪಾಯಿ, ಅದು ಪುಸ್ತಕ ಬಂದ ಮೇಲಿನ ಮಾತು.

ದೊಡ್ಡ ಉದಾಹರಣೆ ಬೇಕಾದರೆ 2021ರಲ್ಲಿ ಶುರುವಾದ ಪಿಎಂ ಯುವ ಯೋಜನೆ ನೋಡಿ. 30ರೊಳಗಿನ 75 ಜನರನ್ನು ಆರಿಸಿ, ತಿಂಗಳಿಗೆ 50,000ದಂತೆ ಆರು ತಿಂಗಳು ಕೊಟ್ಟು, ಹಿರಿಯರ ಮಾರ್ಗದರ್ಶನದಲ್ಲಿ ಪುಸ್ತಕ ಬರೆಸಿದರು. ನ್ಯಾಷನಲ್ ಬುಕ್ ಟ್ರಸ್ಟ್ ನಡೆಸಿತು. ಕನ್ನಡದಲ್ಲೂ ಬರೆಯಬಹುದಿತ್ತು. ನಿಜವಾಗಿ ಆರಿಸಿದವರು ಬರೆಯುವವರಿಗೆ ಕೊಡುತ್ತಾರೆ. ಸ್ಪರ್ಧೆಗೆ ಸಣ್ಣ ಪ್ರವೇಶ ಶುಲ್ಕ ಕೆಲವು ಕಡೆ ಇರಬಹುದು, ಅದನ್ನು ನಾನು ಅಷ್ಟು ತಪ್ಪು ಅನ್ನುವುದಿಲ್ಲ. ಆಯ್ಕೆಯಾದ ಮೇಲೆ ದುಡ್ಡು ಕೇಳಿದರೆ ಮಾತ್ರ ಅಲ್ಲೇ ನಿಲ್ಲಿಸಿ. ತೀರ್ಪುಗಾರರು ಯಾರು, ಹಿಂದಿನ ವರ್ಷ ಗೆದ್ದವರು ಯಾರು ಅಂತ ಕೇಳಿ. ನಾವು ಪುಸ್ತಕ ಬಂದ ಮೇಲೆ ಕೇಳಿದೆವು, "ಸಂಪಾದಕ ಮಂಡಳಿ" ಅಂದರು, ಒಂದು ಹೆಸರೂ ಹೇಳಲಿಲ್ಲ.

ಈ ಊರಲ್ಲಿ ಕೂತು ಇದನ್ನೆಲ್ಲ ಬರೆಯುವಾಗ ಹಳಕಟ್ಟಿಯವರು ನೆನಪಾಗುತ್ತಾರೆ. ಫ.ಗು. ಹಳಕಟ್ಟಿ ಇಲ್ಲಿ ವಕೀಲರಾಗಿದ್ದವರು. ತಾಳೆಗರಿಯಲ್ಲಿದ್ದ ವಚನಗಳನ್ನು ಜನರಿಗೆ ತಲುಪಿಸಬೇಕು ಅಂತ ಸ್ವಂತ ಮನೆ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದರು, ಮರುವರ್ಷ ಶಿವಾನುಭವ ಪತ್ರಿಕೆ ತಂದರು. ಬೇರೆಯವರ ಮಾತು ಅಚ್ಚಾಗಲಿ ಅಂತ ಮನೆ ಮಾರಿದವರ ಊರಿದು. ಇಲ್ಲಿನ ಹುಡುಗಿ ತನ್ನ ಮಾತು ಅಚ್ಚಾಗಲಿಕ್ಕೆ ಅಪ್ಪನ ಜೇಬಿನಿಂದ ಸಾವಿರ ಕೊಟ್ಟು, ಅದೂ ಅರ್ಧ ಕಥೆ ನೋಡಬೇಕಾಯಿತು ಅನ್ನೋದು ನನಗೆ ನುಂಗಲಾರದ ತುತ್ತು.

ಆ ಸೇವೆಗೆ ಐದರಲ್ಲಿ ಒಂದು ಕೊಡುತ್ತೇನೆ, ಹೇಳಿದ ಸಮಯಕ್ಕೆ ಪುಸ್ತಕ ಕಳಿಸಿದ್ದಕ್ಕೆ.

ಐದಕ್ಕೆ ಐದು ಕೊಡಬೇಕಾದ್ದು ಗಾಂಧಿ ಚೌಕದ ಹತ್ತಿರದ ಒಂದು ಸಣ್ಣ ಡಿಟಿಪಿ ಅಂಗಡಿಗೆ. ಮದುವೆ ಕಾರ್ಡು, ಬಿಲ್ ಬುಕ್ಕು, ಕಾಲೇಜು ಹುಡುಗರ ಪ್ರಾಜೆಕ್ಟು, ಇದೇ ಅಲ್ಲಿಯ ಕೆಲಸ. ಕಥೆ ಹೇಗೂ ಪತ್ರಿಕೆಗೆ ಹೋಗುವ ಹಾಗಿಲ್ಲ, ಮನೆಯವರಿಗಾದರೂ ಪೂರ್ತಿ ಸಿಗಲಿ ಅಂತ 16 ಪುಟದ ಪುಸ್ತಿಕೆ, ನಡುವೆ ಪಿನ್ ಹೊಡೆದದ್ದು, 40 ಪ್ರತಿ ಹಾಕಿಸಿದೆವು. ಪ್ರತಿಗೆ 22 ರೂಪಾಯಿ, ಒಟ್ಟು 880. ಅವಳ ಬೇರೆ ಕಥೆಗಳನ್ನು ಇದರಲ್ಲಿ ಸೇರಿಸಲಿಲ್ಲ. ಅವು ಪತ್ರಿಕೆಗೆ ಅಂತ ಇಟ್ಟಿದ್ದಾಳೆ, ಒಂದನ್ನು ಕಳಿಸಿಯೂ ಆಗಿದೆ.

ಕರಡು ತಗೊಳ್ಳಲು ಅವಳ ಜೊತೆ ನಾನೂ ಹೋಗಿದ್ದೆ. ಅಂಗಡಿಯವರು ಕನ್ನಡಕ ಹಾಕಿಕೊಂಡು ಸ್ಕ್ರೀನ್ ಮೇಲೆ ಓದುತ್ತಿದ್ದರು. ಹೊರಗೆ ಇಬ್ಬರು ಗಿರಾಕಿ ನಿಂತಿದ್ದರು, ತಡೀರಿ ಅಂತ ಕೈ ಮಾಡಿದರು. ಮೂರನೇ ಪುಟದಲ್ಲಿ ನಿಂತರು. ಅಲ್ಲಿ ಇವಳು ಪುಸ್ತಕದ ಭಾಷೆ ಇರಲಿ ಅಂತ "ಸೀತನಿ ಬೇಯಿಸಿದರು" ಅಂತ ಬರೆದಿದ್ದಳು. ನಾನು ಎಷ್ಟು ಸಲ ಓದಿದ್ದೆ, ನನಗೂ ಕಂಡಿರಲಿಲ್ಲ.

"ಸೀತನಿ ಬೇಯಿಸ್ತಾರೇನವ್ವಾ? ಸುಡ್ತಾರ. ಕುಳ್ಳಿನ ಕೆಂಡದಾಗ ಸುಡ್ತಾರ."

"ಹೌದ್ರಿ, ತಪ್ಪಾಗ್ಯಾದ," ಅಂದಳು.

"ತಪ್ಪೇನಿಲ್ಲ, ತಿದ್ದೋಣ. ಇದೊಂದ ಮಾತು ಬಿಟ್ರ ಎಲ್ಲಾ ಕಣ್ಣಿಗೆ ಕಟ್ಟಿದಂಗ ಅದ." ಅಷ್ಟು ಹೇಳಿ ಮತ್ತೆ ಓದತೊಡಗಿದರು, ಕೊನೆಯ ಹನ್ನೊಂದು ಸಾಲಿನ ತನಕ. ಮುಗಿದ ಮೇಲೆ ಕನ್ನಡಕ ತೆಗೆದು ಕೇಳಿದರು, "ನಿಮ್ಮ ಆಯಿ ಈಗ ಅದಾರೇನು?"

ಇಲ್ಲ, ಹೋದ ಶ್ರಾವಣದಲ್ಲಿ ಹೋದರು ಅಂದಳು. ಅವರು ತಲೆ ಆಡಿಸಿದರು. ಆಮೇಲೆ ಕುರ್ಚಿ ಸ್ವಲ್ಪ ಸರಿಸಿ ಇವಳಿಗೆ ಕೀಬೋರ್ಡ್ ಮುಂದೆ ಜಾಗ ಮಾಡಿಕೊಟ್ಟರು, ನೀನೇ ತಿದ್ದವ್ವಾ ಅಂತ.