2013ರ ಬೋರ್ಡೋ: ಮಳೆ ತಿಂದ ವರ್ಷದ ಮೂರು ಬಗೆಯ ಎಳೆ ಕೆಂಪು ವೈನ್

ಮಲೆನಾಡಿನ ಅಡಿಕೆ ತೋಟದವರಿಗೆ ಬೋರ್ಡೋ ಎಂದರೆ ಮೈಲುತುತ್ತ-ಸುಣ್ಣದ ದ್ರಾವಣ, ಕೊಳೆರೋಗದ ಮದ್ದು. ಅದು ಹುಟ್ಟಿದ್ದು ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಲ್ಲಿ, 1880ರ ದಶಕದಲ್ಲಿ, ಡೌನಿ ರೋಗಕ್ಕೆಂದು. ಆದರೆ 2013ರ ಕೊಯ್ಲಿನಲ್ಲಿ ಅಲ್ಲಿ ಕಾಡಿದ್ದು ಗೊಂಚಲನ್ನೇ ಕೊಳೆಸುವ ಬೊಟ್ರೈಟಿಸ್ ಬೂಷ್ಟು. ಅದು ಮೈಲುತುತ್ತಕ್ಕೆ ಬಗ್ಗುವ ಪೈಕಿ ಅಲ್ಲ.

ಆ ವರ್ಷ ಮೊದಲಿನಿಂದಲೂ ಕೈಕೊಟ್ಟಿತ್ತು. ಜೂನ್‌ನಲ್ಲಿ ಹೂ ಬಿಡುವ ಹೊತ್ತಿಗೆ ಚಳಿ, ಮಳೆ. ಮೆರ್ಲೋ ತಳಿಯಲ್ಲಿ ಹೂ ಉದುರಿ ಕಾಯಿ ಕಚ್ಚಲಿಲ್ಲ. ಕಚ್ಚಿದ ಕಡೆ ಒಂದೇ ಗೊಂಚಲಿನಲ್ಲಿ ದಪ್ಪ ಕಾಯಿಯೂ ಸಾಸಿವೆ ಕಾಳಿನಂಥ ಕಾಯಿಯೂ. ಜುಲೈ ಬಿಸಿಲು ಸ್ವಲ್ಪ ಉಳಿಸಿತು. ಸೆಪ್ಟೆಂಬರ್ ಕೊನೆಗೆ ಮತ್ತೆ ಮಳೆ, ಜೊತೆಗೆ ಸೆಖೆ. ಬೆಳೆಗಾರನ ಮುಂದೆ ಉಳಿದ ದಾರಿ ಎರಡೇ: ಪೂರ್ತಿ ಹಣ್ಣಾಗುವ ಮೊದಲೇ ಕೊಯ್ಯುವುದು, ಇಲ್ಲವೇ ಕೊಳೆಯುವುದನ್ನು ನೋಡುತ್ತ ಕಾಯುವುದು. ಬೋರ್ಡೋದೊಳಗಿನ ಪೊಮೆರೋಲ್ ಊರಿನ ಲೆ ಪ್ಯಾನ್ ಎಂಬ ವೈನ್ ತೋಟ ಆ ವರ್ಷ ವೈನನ್ನೇ ಹೊರತರಲಿಲ್ಲ. (ಇದೇ ಬೂಷ್ಟಿನಿಂದ ದಕ್ಷಿಣಕ್ಕಿರುವ ಸೊಟೆರ್ನ್‌ನ ಸಿಹಿ ಬಿಳಿ ವೈನ್ ಚೆನ್ನಾಗಿ ಬಂತು. ಒಬ್ಬರ ಕೊಳೆ ಇನ್ನೊಬ್ಬರ ಬೆಳೆ.)

ವೈನ್ ಇನ್ನೂ ಎಳೆಯದಿದ್ದಾಗ ಹೋಲಿಕೆಗೆ ಇಟ್ಟದ್ದು ಮೂರು ಬಗೆ: ಬೋರ್ಡೋ ನದಿಗಳ ಬಲದಂಡೆಯ ಮೆರ್ಲೋ ಪ್ರಧಾನ ವೈನ್, ಎಡದಂಡೆಯ ಮೆಡಾಕ್ ಸೀಮೆಯ, ಕ್ಯಾಬರ್ನೇ ಸೋವಿನ್ಯೋಂ ತಳಿ ಪ್ರಧಾನವಾದ, ಸಿಪ್ಪೆ-ಬೀಜದಿಂದ ಹಗುರವಾಗಿ ಸಾರ ತೆಗೆದದ್ದು, ಮೂರನೆಯದು ಅದೇ ಕ್ಯಾಬರ್ನೇ, ಆದರೆ ಹಿಂಡಿ ಹಿಂಡಿ ಸಾರ ತೆಗೆದು ಹೊಸ ಓಕ್ ಪೀಪಾಯಿಯಲ್ಲಿ ಇಟ್ಟದ್ದು. ಲೋಟಕ್ಕೆ 50 ಮಿಲಿ, 16ರಿಂದ 18 ಡಿಗ್ರಿ. ಇದಕ್ಕಿಂತ ತಣ್ಣಗಿದ್ದರೆ ಒಗರು ಇರುವುದಕ್ಕಿಂತ ಹೆಚ್ಚು ಕಾಣುತ್ತದೆ, ಬೆಚ್ಚಗಿದ್ದರೆ ಆಲ್ಕೋಹಾಲ್ ಮೂಗಿಗೆ ಅಡರುತ್ತದೆ. ನಡುನಡುವೆ ನೀರು, ಸಪ್ಪೆ ಬ್ರೆಡ್. ಚೀಸ್ ಬೇಡವೇ ಬೇಡ, ಅದು ಒಗರನ್ನು ಮುಚ್ಚಿ ಕೆಟ್ಟ ವೈನನ್ನೂ ಒಳ್ಳೆಯದಾಗಿಸುತ್ತದೆ. ಮುಖ್ಯವಾಗಿ, ಒಂದು ಸುತ್ತು ಹಗುರದಿಂದ ಗಡುಸಿಗೆ, ಇನ್ನೊಂದು ಸುತ್ತು ತಿರುವುಮುರುವು. ಗಡುಸಾದದ್ದರ ನಂತರ ಕುಡಿದರೆ ಹಗುರ ವೈನ್ ಬರೀ ನೀರೆನಿಸಿ ಅನ್ಯಾಯವಾಗುತ್ತದೆ.

ಮೆರ್ಲೋ ವೈನ್‌ನಲ್ಲಿ ಮೊದಲ ಗುಟುಕು ಮೆತ್ತಗೆ, ಚೆರ್ರಿಯ ಪರಿಮಳ, ಆಮೇಲೆ ನಾಲಿಗೆಯ ನಡುವೆ ಟೊಳ್ಳು. ಕೊನೆಗೆ ಗಂಟಲಲ್ಲಿ ಮಾತ್ರ ಬಿಸಿ. ರಸ ತೆಳುವಾಗಿದ್ದು ಆಲ್ಕೋಹಾಲ್ ಮುಂದೆ ನಿಂತರೆ ಹುದುಗುವಾಗ ಸಕ್ಕರೆ ಸೇರಿಸಿರಬಹುದೆಂಬ ಗುಮಾನಿ ಸಹಜ. ಅದಕ್ಕೆ ಕಾನೂನಿನ ಒಪ್ಪಿಗೆ ಇದೆ, ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಹಾಕಿದರೆ ಆಲ್ಕೋಹಾಲ್ ಶೇ 1ರಷ್ಟು ಏರುತ್ತದೆ. ಆದರೆ ಸಕ್ಕರೆ ಆಲ್ಕೋಹಾಲ್ ಕೊಡುತ್ತದೆ, ತಿರುಳು ಕೊಡುವುದಿಲ್ಲ.

ಹಗುರ ಕ್ಯಾಬರ್ನೇ ಬಣ್ಣದಲ್ಲೇ ಬಡವ, ಲೋಟದಾಚೆಯ ಬೆರಳು ಕಾಣುತ್ತದೆ. ಮೂಗಿಗೆ ಹಸಿ ದೊಣ್ಣೆಮೆಣಸಿನಕಾಯಿ, ಅದರ ಹಿಂದೆ ಕಪ್ಪು ಕರಂಟ್ ಎಂಬ ಹುಳಿ-ಸಿಹಿ ಸಣ್ಣ ಹಣ್ಣು. ದೊಣ್ಣೆಮೆಣಸಿನ ವಾಸನೆಗೆ ಕಾರಣ ಹಣ್ಣಿನಲ್ಲೇ ಇರುವ ಪೈರಜೀನ್ ಎಂಬ ರಾಸಾಯನಿಕ. ಬಳ್ಳಿಯಲ್ಲಿದ್ದಾಗ ಹಣ್ಣು ಮಾಗುತ್ತ ಅದು ಕರಗುತ್ತದೆ. ಬಾಟಲಿಗೆ ಬಂದ ಮೇಲೆ ಹೆಚ್ಚೇನೂ ಕಡಿಮೆಯಾಗದು. ‘ಹತ್ತು ವರ್ಷ ಇಟ್ಟರೆ ಸರಿಹೋಗುತ್ತದೆ’ ಎಂಬ ಮಾರಾಟದ ಮಾತು ಒಗರಿಗೆ ಒಪ್ಪುತ್ತದೆ, ಹಸಿರು ವಾಸನೆಗೆ ಒಪ್ಪುವುದಿಲ್ಲ. ಇಲ್ಲಿ ಆ ವಾಸನೆ ಹಿನ್ನೆಲೆಯಲ್ಲಷ್ಟೇ ಇತ್ತು. ಹುಳಿ ಚುರುಕು, ಒಗರು ಸಣ್ಣದು, ಬಾಯಿ ಚೊಕ್ಕ. ಮೂರರಲ್ಲಿ ಗೆದ್ದದ್ದು ಇದೇ.

ಮೂರನೆಯದು ಮೊದಲ ನೋಟಕ್ಕೆ ಎಲ್ಲರನ್ನೂ ಮರುಳು ಮಾಡುತ್ತದೆ. ಗಾಢ ಬಣ್ಣ, ವೆನಿಲ್ಲಾ, ಲವಂಗ, ಹುರಿದ ಕಾಫಿ. ಎರಡನೆಯ ಗುಟುಕಿಗೆ ಗುಟ್ಟು ರಟ್ಟು. ಒಗರು ಎಲ್ಲಿಂದ ಬಂತೆಂದು ಗುರುತಿಸಲು ನಮ್ಮ ಬಾಯಿಗೆ ಒಳ್ಳೆಯ ಅಳತೆಗಳಿವೆ. ಮಾಗಿದ ಸಿಪ್ಪೆಯ ಒಗರು ನೇರಳೆ ಹಣ್ಣಿನಂತೆ ಬಾಯಿಯಿಡೀ ಹರಡಿ, ಜೊಲ್ಲು ಊರಿದೊಡನೆ ಇಳಿಯುತ್ತದೆ. ಬಲಿಯದ ಬೀಜದ ಒಗರು ಅಡಿಕೆ ಚೊಗರಿನಂತೆ, ನಾಲಿಗೆಯ ಬುಡದಲ್ಲಿ ಕಹಿಯಾಗಿ ಕೂರುತ್ತದೆ. ಹೊಸ ಓಕ್‌ನದು ವಸಡನ್ನು ಒಣಗಿಸುತ್ತದೆ. ಈ ವೈನ್‌ನಲ್ಲಿ ಕೊನೆಯ ಎರಡೂ ಇದ್ದು ಮೊದಲನೆಯದೇ ಇರಲಿಲ್ಲ. ಹಣ್ಣು ಬಲಿಯದ ವರ್ಷದಲ್ಲಿ ಹೆಚ್ಚು ಹಿಂಡಿದರೆ ಬರುವುದು ಬೀಜದ ಕಹಿಯೇ. ರಸ ಗಟ್ಟಿಯಾಗಲೆಂದು ಹುದುಗುವ ಮೊದಲೇ ಶೇ 10-15ರಷ್ಟು ತಿಳಿರಸ ಬಸಿದರೂ ಅಷ್ಟೇ: ಹಣ್ಣಿನ ಜೊತೆ ಹಸಿರೂ ಗಟ್ಟಿಯಾಗುತ್ತದೆ.

ಕೊಳೆಗೆ ಎರಡು ಪರೀಕ್ಷೆ. ಒಂದು ಮೂಗಿನದು: ಹೊಸ ಮಳೆಯ ಮಣ್ಣು ಅಥವಾ ಹಸಿ ಬೀಟ್‌ರೂಟ್ ವಾಸನೆ ಬಂದರೆ ಅದು ಜಿಯಾಸ್ಮಿನ್, ಕೊಳೆತ ಗೊಂಚಲಿನ ಬೂಷ್ಟು ಬಿಡುವ ವಸ್ತು. ಮಣ್ಣಿನ ಘಮ ನಮಗೆ ಪ್ರಿಯವಾದ್ದರಿಂದ ಇದನ್ನು ಗುಣವೆಂದು ಬಗೆಯುವ ಅಪಾಯವುಂಟು. ವೈನ್‌ನಲ್ಲಿ ಅದು ದೋಷವೇ. ಇನ್ನೊಂದು: ಅರ್ಧ ಲೋಟ ವೈನನ್ನು ಮುಚ್ಚದೆ 24 ಗಂಟೆ ಇಡಿ. ಕಂದು ತಿರುಗಿ ಕದಡಿದರೆ ಕೊಳೆತ ಹಣ್ಣಿನ ಲ್ಯಾಕೇಸ್ ಕಿಣ್ವ ಇನ್ನೂ ಕೆಲಸ ಮಾಡುತ್ತಿದೆ ಎಂದರ್ಥ. ತಿಳಿಯಾಗಿದ್ದರೂ ಪೂರ್ತಿ ನಿಶ್ಚಿಂತೆಯಿಲ್ಲ, ಏಕೆಂದರೆ ವೈನ್ ಕೆಡದಂತೆ ಸೇರಿಸುವ ಗಂಧಕದ ಅಂಶ ಹೆಚ್ಚಿದ್ದರೆ ಅದು ಕಂದಾಗುವುದನ್ನು ತಡೆದಿರುತ್ತದೆ.

ಪೀಪಾಯಿಯಿಂದ ತೆಗೆದ ಮಾದರಿಯಾದರೆ ಅದೇ ದಿನ ನೋಡಬೇಕು. ಮರುದಿನಕ್ಕೆ ಗಾಳಿ ತಾಗಿ ಸೊರಗಿದ್ದನ್ನು ವರ್ಷದ ತಪ್ಪೆಂದು ಬರೆಯಬಾರದು. ಮಾದರಿ ಯಾವ ಪೀಪಾಯಿಯದು, ಕೊನೆಯ ಮಿಶ್ರಣವೇ ಅಲ್ಲವೇ ಎಂದೂ ಕೇಳಿ. ಹೊಸ ಓಕ್‌ನಿಂದ ಆಯ್ದ ಮಾದರಿ ಬಾಟಲಿಗಿಂತ ಚೆನ್ನಾಗಿರುವುದು ಅಪರೂಪವಲ್ಲ.

ಇಂಥ ವರ್ಷದಲ್ಲಿ ಹಗುರ ಕ್ಯಾಬರ್ನೇಗೆ ಹಣ ಹಾಕಬಹುದು, ಬೆಲೆ ಇಳಿದಿದ್ದರೆ ಮಾತ್ರ. ಮೆರ್ಲೋ ಬೇಗ ಕುಡಿದು ಮುಗಿಸಲು. ಮೂರನೆಯದರಲ್ಲಿ ಹಣ್ಣು ಮೊದಲು ಸಾಯುತ್ತದೆ, ಒಣ ಮರವಷ್ಟೇ ಉಳಿಯುತ್ತದೆ. ಲೇಬಲ್ ಎಷ್ಟೇ ದೊಡ್ಡದಿರಲಿ, ಬಿಟ್ಟುಬಿಡಿ.