ಟೆರೇಸಿನ ಗ್ಯಾಸ್ ಫೈರ್ ಪಿಟ್: ಬರ್ನರ್ ಗಟ್ಟಿ, ಕಿರಿಕಿರಿಯೆಲ್ಲ ಸುತ್ತಮುತ್ತಲಿನದು

50,000 ಬಿಟಿಯು (ಗಂಟೆಗೆ ಹೊಮ್ಮುವ ಶಾಖದ ಅಳತೆ) ಎಂದು ಬರೆದುಕೊಂಡು ಬರುವ, ಟೀಪಾಯಿಯಂತೆ ಕಾಣುವ ಚೌಕ ಫೈರ್ ಪಿಟ್‌ಗಳ, ಅಂದರೆ ಹೊರಾಂಗಣದ ಗ್ಯಾಸ್ ಅಗ್ಗಿಷ್ಟಿಕೆಗಳ ಮಾತು ಇದು. ಸ್ಟೇನ್‌ಲೆಸ್ ಸ್ಟೀಲ್ ಬರ್ನರ್‌ಗೆ ಹತ್ತಕ್ಕೆ ಎಂಟು ಅಂಕ ಧಾರಾಳವಾಗಿ ಕೊಡಬಹುದು. ಪೆಟ್ಟಿಗೆಯಲ್ಲಿ ಜತೆಗೆ ಬರುವ ಪೈಪು, ರೆಗ್ಯುಲೇಟರ್, ಹೊದಿಕೆ ಮೂರಕ್ಕೂ ಸೇರಿಸಿ ಮೂರು ಕೊಟ್ಟರೆ ಅದೇ ಹೆಚ್ಚು.

ಮೊದಲ ತಕರಾರು ಗ್ಯಾಸಿನದು. ಇವು ಅಮೆರಿಕದ ಪ್ರೊಪೇನ್ ಸಿಲಿಂಡರ್‌ಗೆ ತಯಾರಾದವು. ಅಲ್ಲಿನ ತಿರುಪು ನಮ್ಮ ಸಿಲಿಂಡರ್‌ಗೆ ಕೂರುವುದಿಲ್ಲ. ಒತ್ತಡದಲ್ಲಿ ಅಂಥ ವ್ಯತ್ಯಾಸವಿಲ್ಲ: ಅಲ್ಲಿ ಸುಮಾರು 28 ಮಿಲಿಬಾರ್, ಇಲ್ಲಿ ಹತ್ತಿರಹತ್ತಿರ 30. ತೊಂದರೆ ಇರುವುದು ಹರಿವಿನಲ್ಲಿ. ಪೂರ್ತಿ ಉರಿಯಲ್ಲಿ ಗಂಟೆಗೆ ಒಂದು ಕಿಲೋಗಿಂತ ತುಸು ಹೆಚ್ಚೇ ಗ್ಯಾಸ್ ಬೇಕು. ಅಡುಗೆ ಒಲೆಯ ರೆಗ್ಯುಲೇಟರ್ ಅಷ್ಟನ್ನು ಬಿಡದಿದ್ದರೆ ಜ್ವಾಲೆ ಕುಳ್ಳಗಾಗುತ್ತದೆ. ರೆಗ್ಯುಲೇಟರ್ ಮೇಲೆ ಅಚ್ಚಾಗಿರುವ ‘ಕೆ.ಜಿ./ಗಂಟೆ’ ಅಂಕಿ ಓದಿ, ಅದಕ್ಕೆ ತಕ್ಕ ಕಡಿಮೆ ಒತ್ತಡದ್ದನ್ನೇ ಕೊಳ್ಳಿ. ಹೋಟೆಲಿನವರು ಬಳಸುವ ಹೈ ಪ್ರೆಶರ್ ರೆಗ್ಯುಲೇಟರ್ ಸಿಕ್ಕಿಸುವ ಬುದ್ಧಿವಂತಿಕೆ ಮಾತ್ರ ಬೇಡ. ಜ್ವಾಲೆ ಬರ್ನರ್ ಬಿಟ್ಟು ಮೇಲೆದ್ದು ಹಾರುತ್ತದೆ. 14.2 ಕಿಲೋದ ಮನೆ ಸಿಲಿಂಡರ್ ಇರುವುದು ಅಡುಗೆಗೆ, ಇದಕ್ಕಲ್ಲ. 19 ಕಿಲೋದ್ದು ಪೂರ್ತಿ ಉರಿಯಲ್ಲಿ ಸುಮಾರು 17 ಗಂಟೆ ಬರುತ್ತದೆ. 5 ಕಿಲೋದ್ದು ಬೇಗ ತಣ್ಣಗಾಗಿ ಬೆವರುತ್ತದೆ, ಒಳಗಿನ ದ್ರವ ಅನಿಲವಾಗುವ ವೇಗ ಕುಸಿದು ಉರಿ ಇಳಿಯುತ್ತದೆ. ಆಗ ನಾಬ್ ತಗ್ಗಿಸಬೇಕೇ ಹೊರತು ಸಿಲಿಂಡರಿಗೆ ಬಿಸಿನೀರು ಸುರಿಯಬಾರದು.

ಹೊತ್ತಿಕೊಳ್ಳುತ್ತದೆ, ನಾಬ್ ಬಿಟ್ಟ ಕೂಡಲೇ ಆರಿಹೋಗುತ್ತದೆ ಎಂಬುದು ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ದೂರು. ನೂರಕ್ಕೆ ನೂರು ಅಲ್ಲದಿದ್ದರೂ ಬಹುಪಾಲು ಅದು ಥರ್ಮೋಕಪಲ್ ಕೆಲಸ. ಜ್ವಾಲೆಗೆ ಮೂತಿ ಒಡ್ಡಿ ನಿಂತಿರುವ ಆ ಸಣ್ಣ ಲೋಹದ ಕಡ್ಡಿ ಕಾದರೆ ಕೆಲವು ಮಿಲಿವೋಲ್ಟ್ ವಿದ್ಯುತ್ ಹುಟ್ಟಿ ವಾಲ್ವನ್ನು ತೆರೆದಿಡುತ್ತದೆ. ನಾಬನ್ನು ಒತ್ತಿ 30 ಸೆಕೆಂಡ್ ಹಿಡಿಯಿರಿ. ಆಮೇಲೂ ಆರಿದರೆ, ಬರ್ನರ್ ಮೇಲೆ ಹಾಸುವ ಕಲ್ಲೊಂದು ಕಡ್ಡಿಯ ಮೇಲೆ ಕೂತಿದೆಯೇ ನೋಡಿ. ಅಂಗಡಿಯವರು ಚೆಂದಕ್ಕೆಂದು ಕಲ್ಲು ರಾಶಿ ಹಾಕುವುದರಿಂದ ಹೀಗಾಗುವುದೇ ಹೆಚ್ಚು. ತುದಿಯ ಮಸಿಯನ್ನು ನಯವಾದ ಉಪ್ಪುಕಾಗದದಿಂದ ಉಜ್ಜಿ. ವಾಲ್ವಿನ ಕಡೆಯ ನಟ್ ಸಡಿಲವಿದ್ದರೆ ಕೈಯಲ್ಲಿ ಬಿಗಿದು, ಸ್ಪಾನರಿನಿಂದ ಕಾಲು ಸುತ್ತು, ಅಷ್ಟೇ. ಮಲ್ಟಿಮೀಟರ್ ಇದ್ದವರು ಉರಿಯಲ್ಲಿ ಅಳೆಯಲಿ: 20ರಿಂದ 30 ಮಿಲಿವೋಲ್ಟ್ ಬಂದರೆ ಆರೋಗ್ಯ, 10ಕ್ಕಿಂತ ಕೆಳಗಿದ್ದರೆ ಬದಲಿಸಿ. ಹೋಟೆಲ್ ಒಲೆ, ಓವನ್ ರಿಪೇರಿ ಮಾಡುವವರಲ್ಲಿ ಸಿಗುತ್ತದೆ. ತಿರುಪಿನ ಅಳತೆ ಬೇರೆಬೇರೆ ಇರುವುದರಿಂದ ಹಳೆಯದನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ.

ಕಿಡಿ ಹೊತ್ತಿಸುವ ಗುಂಡಿ ಒತ್ತಿದರೂ ಟಿಕ್ ಟಿಕ್ ಸದ್ದೇ ಇಲ್ಲವೆಂದರೆ ಹೆಚ್ಚಾಗಿ ಎಎ ಸೆಲ್ಲಿನ ತುಕ್ಕು. ಸದ್ದಿದ್ದೂ ಕಿಡಿಯಿಲ್ಲದಿದ್ದರೆ ಕಿಡಿ ಕಡ್ಡಿಯ ಸುತ್ತಲಿನ ಪಿಂಗಾಣಿ ಬಿರುಕು ಬಿಟ್ಟಿದೆ, ಒದ್ದೆಯಾಗಿದೆ ಅಥವಾ ಕಿಡಿ ಹಾರಬೇಕಾದ ಅಂತರ 3ರಿಂದ 5 ಮಿಲಿಮೀಟರ್ ಮೀರಿದೆ. ಮತ್ತೆ ಹೊತ್ತಿಸುವ ಮೊದಲು ನಾಬ್ ಮುಚ್ಚಿ ಐದು ನಿಮಿಷ ಕಾಯುವುದು ಕಡ್ಡಾಯ. ಎಲ್‌ಪಿಜಿ ಗಾಳಿಗಿಂತ ಭಾರ, ಬರ್ನರ್ ತಟ್ಟೆಯಲ್ಲೇ ತುಂಬಿಕೊಂಡಿರುತ್ತದೆ.

ಹಳದಿ ಜ್ವಾಲೆ ದೋಷವಲ್ಲ, ನೋಡಲೆಂದೇ ಹಾಗೆ ಮಾಡಿರುತ್ತಾರೆ. ಕಲ್ಲುಗಳು ಕಪ್ಪಾಗಿ ಕೈಗೆ ಮಸಿ ಹತ್ತಿದರಷ್ಟೇ ಚಿಂತೆ. ನಮ್ಮ ಎಲ್‌ಪಿಜಿಯಲ್ಲಿ ಬ್ಯುಟೇನ್ ಇರುವುದರಿಂದ ಗಾಳಿ ಹೆಚ್ಚು ಬೇಕು. ಜೆಟ್ (ಗ್ಯಾಸ್ ಚಿಮ್ಮುವ ಸಣ್ಣ ತೂತಿನ ತುಂಡು) ಪಕ್ಕದ ಗಾಳಿಕಿಂಡಿಯನ್ನು ಸ್ವಲ್ಪಸ್ವಲ್ಪವೇ ತೆರೆದು ನೋಡಿ. ಫಲ ಕಾಣದಿದ್ದರೆ ಬರ್ನರ್‌ನ ಕೊಳವೆ ಕಳಚಿ ಇಣುಕಿ. ತಿಂಗಳುಗಟ್ಟಲೆ ಸುಮ್ಮನಿದ್ದ ಕೊಳವೆಯಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿರುತ್ತದೆ, ಇಲ್ಲವೇ ಜೇಡನ ಬಲೆ. ಬ್ರಷ್ ಹಾಕಿ ತೆಗೆಯಿರಿ. ಜೆಟ್ಟಿನ ರಂಧ್ರಕ್ಕೆ ಮಾತ್ರ ಸೂಜಿ ಚುಚ್ಚಬೇಡಿ, ತೂತು ದೊಡ್ಡದಾದರೆ ಮಸಿ ಇನ್ನೂ ಹೆಚ್ಚುತ್ತದೆ.

ಕಲ್ಲಿನ ವಿಷಯದಲ್ಲಿ ಕಂಜೂಸಿತನ ಬೇಡ. ಕಟ್ಟಡದ ಜಲ್ಲಿ, ಹೊಳೆಯ ಉರುಟುಗಲ್ಲು ಒಳಗಿನ ನೀರು ಆವಿಯಾಗಿ ಸಿಡಿದು ಚೂರು ಮುಖಕ್ಕೆ ಹಾರುತ್ತದೆ. ಲಾವಾ ಕಲ್ಲು ಅಥವಾ ಫೈರ್ ಗ್ಲಾಸ್ (ಶಾಖ ತಡೆಯುವ ಗಾಜಿನ ಚೂರು) ಹಾಕಿ. ಮಳೆಗೆ ನೆಂದಿದ್ದರೆ ಲಾವಾ ಕಲ್ಲನ್ನೂ ಬಿಸಿಲಿಗೆ ಹರಡಿ ಒಣಗಿಸಿಯೇ ಉರಿಸಿ. ಜತೆಗೆ ಬರುವ ತೆಳು ಹೊದಿಕೆಯ ನಡುವೆ ನೀರು ನಿಂತು ಬರ್ನರ್ ಮೇಲೇ ಸೋರುತ್ತದೆ. ಇಲ್ಲಿ ಮುಂಗಾರಿನ ಮಳೆ ಮುಗಿದರೂ ಅಕ್ಟೋಬರ್, ನವೆಂಬರಿನಲ್ಲಿ ಹಿಂಗಾರಿನದಿರುತ್ತದೆ. ಲೋಹದ ಮುಚ್ಚಳಕ್ಕೆ ಬೇರೆಯೇ ದುಡ್ಡು ಎತ್ತಿಡಿ.

ಪೈಪನ್ನು ಕಳಚಿ ಜೋಡಿಸಿದಾಗಲೆಲ್ಲ ಸೋಪಿನ ನೊರೆ ಹಚ್ಚಿ ಗುಳ್ಳೆ ನೋಡಿ. ಐಎಸ್‌ಐ ಗುರುತಿನ ಸುರಕ್ಷಾ ಪೈಪನ್ನೂ ಐದು ವರ್ಷಕ್ಕೆ ಬದಲಿಸಬೇಕು. ಸಿಲಿಂಡರ್ ಇಡುವ ಪೆಟ್ಟಿಗೆಗೆ ನೆಲಮಟ್ಟದಲ್ಲಿ ಗಾಳಿಕಿಂಡಿ ಇಲ್ಲದ ಮಾಡೆಲ್ ಕೊಳ್ಳಲೇಬೇಡಿ. ಸುತ್ತ ಪ್ಯಾರಪೆಟ್ ಗೋಡೆ ಇರುವ ಟೆರೇಸಿನಲ್ಲಿ ಸೋರಿದ ಗ್ಯಾಸ್ ನೆಲದಲ್ಲೇ ನಿಲ್ಲುತ್ತದೆ, ಮಳೆನೀರಿನ ಪೈಪಿಗೂ ಇಳಿಯುತ್ತದೆ. ಆ ಬಾಯಿಯಿಂದ ದೂರ ಇಡಿ. ವಾಸನೆ ಬಂದರೆ ಸ್ವಿಚ್ ಮುಟ್ಟದೆ ರೆಗ್ಯುಲೇಟರ್ ಮುಚ್ಚಿ, ದೂರ ಸರಿದು 1906ಕ್ಕೆ ಕರೆ ಮಾಡಿ. ಮೇಲೊಂದು ಸೂರಿರುವ ಅಪಾರ್ಟ್‌ಮೆಂಟ್ ಬಾಲ್ಕನಿಗೆ ಯಾವ ಮಾಡೆಲ್ ಒಳ್ಳೆಯದು ಎಂದು ಕೇಳಿದರೆ, ಯಾವುದೂ ಅಲ್ಲ.