ಕ್ರೂಕ್‌ಶ್ಯಾಂಕ್ ಚಿತ್ರಗಳೋ, ಫಿಜ್ ಚಿತ್ರಗಳೋ?

ಇಂಗ್ಲಿಷ್ ಲೇಖಕ ಚಾರ್ಲ್ಸ್ ಡಿಕನ್ಸ್ ಕಾದಂಬರಿಯನ್ನು ಮೂಲ ಕಪ್ಪು-ಬಿಳುಪು ಚಿತ್ರಗಳ ಸಮೇತ ಓದಬೇಕು ಅನ್ನುವವರಿಗೆ ಎರಡು ಒಳ್ಳೆಯ ದಾರಿಗಳಿವೆ. ಜಾರ್ಜ್ ಕ್ರೂಕ್‌ಶ್ಯಾಂಕ್ ಚಿತ್ರಗಳಿರುವ 'ಆಲಿವರ್ ಟ್ವಿಸ್ಟ್' (1837–39) ಒಂದು. ಫಿಜ್ ಚಿತ್ರಗಳಿರುವ 'ಬ್ಲೀಕ್ ಹೌಸ್' (1852–53) ಇನ್ನೊಂದು. ಫಿಜ್ ಅಂದರೆ ಹ್ಯಾಬ್ಲಟ್ ನೈಟ್ ಬ್ರೌನ್. ಇಬ್ಬರದೂ ಎಚಿಂಗ್. ಲೋಹದ ತಗಡಿಗೆ ಮೇಣದಂಥ ಲೇಪ ಬಳಿದು, ಸೂಜಿಯಿಂದ ಗೀರಿ, ಆಸಿಡ್‌ನಿಂದ ಗೆರೆ ಕೊರೆಸುವ ಕೆಲಸ.

ಕ್ರೂಕ್‌ಶ್ಯಾಂಕ್ ಮೊದಲು ವ್ಯಂಗ್ಯಚಿತ್ರಕಾರ, ಅದು ಗೆರೆಯಲ್ಲೇ ಗೊತ್ತಾಗುತ್ತದೆ. 24 ಚಿತ್ರಗಳಲ್ಲಿ ಮುಖ, ಕೈಗಳದ್ದೇ ಆಟ. ಗಲ್ಲಿಗೆ ಮುಂಚೆ ಜೈಲಿನಲ್ಲಿ ಬೆರಳು ಕಚ್ಚುತ್ತ ಕೂತ ಫೇಗಿನ್ (ಮಕ್ಕಳಿಂದ ಕಳವು ಮಾಡಿಸುವ ಮುದುಕ) ಒಬ್ಬನೇ ಸಾಕು. ಆದರೆ ಆಲಿವರ್ ಸಪ್ಪೆ. ಫೇಗಿನ್‌ನ ಮೂಗು, ಗಡ್ಡದಲ್ಲಿ ಯಹೂದಿಗಳ ಬಗೆಗಿನ ಆ ಕಾಲದ ಕೊಳಕು ಪೂರ್ವಗ್ರಹವೂ ಇದೆ. ಮಕ್ಕಳಿಗೆ ಕೊಡುವ ಮುಂಚೆ ಇದು ನೆನಪಿರಲಿ.

ನನ್ನ ಓಟು ಫಿಜ್‌ಗೆ. 'ಬ್ಲೀಕ್ ಹೌಸ್'ನ 40 ಚಿತ್ರಗಳಲ್ಲಿ 10 'ಡಾರ್ಕ್ ಪ್ಲೇಟ್'ಗಳು. ಯಂತ್ರದಿಂದ ತಗಡಿನ ತುಂಬ ಒತ್ತೊತ್ತಾಗಿ ಸಣ್ಣ ಗೆರೆ ಎಳೆಸಿ, ಆ ಬೂದು ಬಣ್ಣದ ಮೇಲೆ ನೆರಳು-ಬೆಳಕು ತರುತ್ತಿದ್ದರು. ಕೆಲವದರಲ್ಲಿ ಮನುಷ್ಯರೇ ಇಲ್ಲ! ಟಾಮ್-ಆಲ್-ಅಲೋನ್ಸ್ ಕೊಳೆಗೇರಿಯ ಚಿತ್ರದಲ್ಲಿ ಬರೀ ಕುಸಿಯುತ್ತಿರುವ ಮನೆಗಳು. ಕಥೆಯ ಮಂಜು, ಮಸಿ ಎಲ್ಲ ಅಲ್ಲೇ ಇದೆ.

ಒಂದೇ ತೊಂದರೆ. ಅಗ್ಗದ ಕಾಗದದಲ್ಲಿ ಇವು ಸುಮ್ನೆ ಕಪ್ಪು ಮುದ್ದೆ ಆಗುತ್ತವೆ. ಕ್ರೂಕ್‌ಶ್ಯಾಂಕ್ ಗೆರೆಗಳು ಅಷ್ಟು ಕೆಡುವುದಿಲ್ಲ. ಹಾಗಾಗಿ ಅಗ್ಗದ ಪ್ರತಿಯೇ ಸಾಕು ಅನ್ನುವವರು 'ಆಲಿವರ್ ಟ್ವಿಸ್ಟ್' ತಗೊಳ್ಳಿ. 'ಬ್ಲೀಕ್ ಹೌಸ್'ಗಾದರೆ ಸ್ವಲ್ಪ ಜಾಸ್ತಿ ದುಡ್ಡು ಕೊಡಿ, ಒಳಪುಟ ತೆರೆದು ನೋಡಿಯೇ ಕೊಳ್ಳಿ.